ಆಲಿಸುವ ಮುಖ

ಏಕಾಗ್ರತೆಯೆಂಬ ಮಾತನ್ನು ನಾವು ಪಾಠಶಾಲೆಯಲ್ಲಿ, ಪ್ರವಚನದಲ್ಲಿ, ಮನೆಯ ಹಿರಿಯರ ಬಾಯಲ್ಲಿ ಎಷ್ಟೋ ಸಲ ಕೇಳಿರುತ್ತೇವೆ. ಒಂದೇ ಅಗ್ರವುಳ್ಳದ್ದು, ಒಂದೇ ತುದಿಯುಳ್ಳದ್ದು ಎಂದು ಅದರ ಅರ್ಥ. ಹತ್ತು ಕಡೆ ಹರಡಿಕೊಂಡಿದ್ದುದು ಕೂಡಿಕೊಂಡು ಒಂದು ಮೊನೆಯಾಗುವುದೇ ಏಕಾಗ್ರತೆ. ಆದರೆ ಅದು ನೋಡುವವರ ಕಣ್ಣಿಗೆ ಕಾಣುವುದು ಹೇಗೆ? ಒಬ್ಬನ ಮನಸ್ಸು ಒಂದೆಡೆ ನೆಲೆನಿಂತಿದೆಯೆಂಬುದನ್ನು ಅವನ ಮುಖದ ಯಾವ ಭಾಗವು ನಮಗೆ ಹೇಳುತ್ತದೆ? ತತ್ತ್ವಚಿಂತಕರು ಇದನ್ನು ಮನಸ್ಸಿನ ವಿಷಯವೆಂದು ಮನಸ್ಸಿಗೇ ಬಿಡಬಹುದು. ಚಿತ್ರ ಬರೆಯುವವನಿಗೆ ಹಾಗೆ ಬಿಡಲು ಬರುವುದಿಲ್ಲ. ಅವನ ಮುಂದಿರುವುದು ಚರ್ಮ, ಎಲುಬು, ಕೂದಲು, ಬೆಳಕು, ನೆರಳು, ಇಷ್ಟೇ. ಇವುಗಳ ಮೂಲಕವೇ ಅವನು ಕಾಣದುದನ್ನು ಕಾಣಿಸಬೇಕು. 34 ವರ್ಷ ಪ್ರೌಢಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದು ನಿವೃತ್ತನಾದ ನನಗೆ ಈ ಪ್ರಶ್ನೆಯು ತನ್ನ ಪೂರ್ಣ ತೂಕದೊಡನೆ ಎದುರಾದುದು 2022ರ ಡಿಸೆಂಬರಿನಲ್ಲಿ, ಒಬ್ಬ ಅಂಧ ಗವಾಯಿಗಳ ಭಾವಚಿತ್ರವನ್ನು ಬರೆಯಲು ಕುಳಿತಾಗ. ಆ ಅನುಭವವನ್ನು ಈ ಪತ್ರಿಕೆಯ ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಇದ್ದಿಲಿನೊಡನೆ ನನ್ನ ನಂಟು ಹಳೆಯದು. ಶ್ರೀಮಠದ ಪ್ರಸಾದ ನಿಲಯದಲ್ಲಿದ್ದು ಓದಿದ ನಮ್ಮಂಥ ಬಡ ಹುಡುಗರಿಗೆ ಬಣ್ಣದ ಪೆಟ್ಟಿಗೆಯೆಂಬುದು ಕನಸಿನ ಮಾತಾಗಿತ್ತು. ದಾಸೋಹದ ಒಲೆಯಲ್ಲಿ ಜಾಲಿಯ ಕಟ್ಟಿಗೆ ಉರಿದು ಆರಿದ ಮೇಲೆ ಬೂದಿಯೊಳಗೆ ಉಳಿಯುತ್ತಿದ್ದ ಕರಿಯ ತುಂಡುಗಳೇ ನನ್ನ ಮೊದಲ ಲೇಖನಿಗಳು. ಅಡುಗೆಯ ಅಜ್ಜನವರು ಒಲೆ ಬಳಿಯುವಾಗ ಬೆರಳ ಗಾತ್ರದ ತುಂಡುಗಳನ್ನು ಆರಿಸಿ ಒಂದು ಹಳೆಯ ತಂಬಿಗೆಯಲ್ಲಿ ನನಗಾಗಿ ತೆಗೆದಿಡುತ್ತಿದ್ದರು. ಗೋಡೆಗೆ ಅಂಟಿಸುವ ಜಾಹೀರಾತು ಹಾಳೆಗಳ ಬೆನ್ನ ಮೇಲೆ ನಾನು ಅವರನ್ನೇ, ಅವರ ರುಮಾಲನ್ನೇ, ರೊಟ್ಟಿ ಬಡಿಯುವ ಅವರ ಕೈಗಳನ್ನೇ ಬರೆದೆನು. ಮುಂದೆ ಕಲಾಶಾಲೆಗೆ ಹೋದಾಗ ಅಂಗಡಿಯಲ್ಲಿ ಸಿಗುವ ಇದ್ದಿಲ ಕಡ್ಡಿಗಳನ್ನು ಕಂಡೆನು. ನೀರಂಜಿಯ ಅಥವಾ ದ್ರಾಕ್ಷಿಬಳ್ಳಿಯ ಎಳೆಯ ಕಡ್ಡಿಗಳನ್ನು ಗಾಳಿಯಾಡದಂತೆ ಮುಚ್ಚಿದ ಪಾತ್ರೆಯಲ್ಲಿಟ್ಟು ಕಾಸಿ ಅವುಗಳನ್ನು ಮಾಡುತ್ತಾರೆ. ಗಾಳಿ ಸೇರಿದರೆ ಕಟ್ಟಿಗೆಯು ಬೂದಿಯಾಗುತ್ತದೆ. ಸೇರದಿದ್ದರೆ ಇದ್ದಿಲಾಗಿ ನಿಲ್ಲುತ್ತದೆ. ದಾಸೋಹದ ಒಲೆಯ ಬೂದಿಯ ಒಡಲಲ್ಲಿ ನಡೆಯುತ್ತಿದ್ದುದೂ ಇದೇ ಕಾರ್ಯವೆಂಬುದು ಆಗ ತಿಳಿದು ನನಗೆ ಬಹಳ ಸಂತೋಷವಾಯಿತು.

ಪೆನ್ಸಿಲಿನ ಕಥೆ ಬೇರೆ. ನಾವು ಅದನ್ನು ಸೀಸದ ಕಡ್ಡಿಯೆಂದು ಕರೆಯುತ್ತಿದ್ದೆವು. ಅದರಲ್ಲಿ ಸೀಸವು ಎಳ್ಳಷ್ಟೂ ಇಲ್ಲ. ಅದು ಗ್ರಾಫೈಟ್ ಎಂಬ ಇಂಗಾಲದ ಒಂದು ರೂಪ. ಇಂಗ್ಲೆಂಡಿನ ಬಾರೋಡೇಲ್ ಎಂಬಲ್ಲಿ 16ನೆಯ ಶತಮಾನದಲ್ಲಿ ಇದರ ಶುದ್ಧವಾದ ನಿಕ್ಷೇಪ ದೊರೆಯಿತು. ಫ್ರಾನ್ಸಿನ ನಿಕೊಲಾ ಜಾಕ್ ಕಾಂಟೆ ಎಂಬಾತನು 1795ರಲ್ಲಿ ಗ್ರಾಫೈಟಿನ ಪುಡಿಗೆ ಜೇಡಿಮಣ್ಣನ್ನು ಬೆರೆಸಿ ಸುಡುವ ವಿಧಾನವನ್ನು ರೂಢಿಗೆ ತಂದನು. ಮಣ್ಣು ಹೆಚ್ಚಾದಷ್ಟೂ ಕಡ್ಡಿ ಗಟ್ಟಿ, ಗೆರೆ ತೆಳು. ಮಣ್ಣು ಕಡಿಮೆಯಾದಷ್ಟೂ ಕಡ್ಡಿ ಮೆತ್ತಗೆ, ಗೆರೆ ಕಪ್ಪು. ಎಚ್ ಮತ್ತು ಬಿ ಎಂಬ ಗುರುತುಗಳು ಈ ಅಂತರವನ್ನೇ ಸೂಚಿಸುತ್ತವೆ. ಇದ್ದಿಲೂ ಗ್ರಾಫೈಟೂ ಮೂಲದಲ್ಲಿ ಇಂಗಾಲವೇ ಆದರೂ ಕಾಗದದ ಮೇಲೆ ಅವುಗಳ ಸ್ವಭಾವ ಒಂದಲ್ಲ. ಗ್ರಾಫೈಟು ಒತ್ತಿದಷ್ಟೂ ಮಿನುಗುತ್ತದೆ. ಅದರ ಅತಿ ಕಪ್ಪು ಸಹ ಬೆಳಕಿಗೆ ಹಿಡಿದರೆ ಬೂದುಬಣ್ಣವಾಗಿ ಹೊಳೆಯುತ್ತದೆ. ಇದ್ದಿಲು ಬೆಳಕನ್ನು ನುಂಗುತ್ತದೆ. ಅದರ ಕಪ್ಪು ನಿಜವಾದ ಕಪ್ಪು. ಗ್ರಾಫೈಟಿನಿಂದ ಉಜ್ಜಿ ನಯವಾದ ಕಾಗದದ ಮೇಲೆ ಇದ್ದಿಲು ಹಿಡಿಯದೆ ಜಾರುತ್ತದೆ. ಆದುದರಿಂದ ಎರಡನ್ನೂ ಕೂಡಿಸಿ ಬರೆಯುವವನು ಕತ್ತಲೆಯ ಭಾಗಗಳನ್ನು ಮೊದಲು ಇದ್ದಿಲಿನಿಂದ ಹಾಕಿಕೊಂಡು, ಚರ್ಮದ ಸೂಕ್ಷ್ಮ ಕೆಲಸವನ್ನು ಆಮೇಲೆ ಪೆನ್ಸಿಲಿಗೆ ಒಪ್ಪಿಸಬೇಕಾಗುತ್ತದೆ.

ಈಗ ಗವಾಯಿಗಳ ವಿಷಯ. ಅವರು ಹುಟ್ಟಿದ್ದು 1947ರಲ್ಲಿ. ನಾಲ್ಕು ವರ್ಷದವರಿದ್ದಾಗ ಸಿಡುಬು ಬಂದು ಎರಡೂ ಕಣ್ಣುಗಳ ಬೆಳಕನ್ನು ಕೊಂಡೊಯ್ಯಿತು. ಇಂದಿನ ಮಕ್ಕಳಿಗೆ ಆ ರೋಗದ ಹೆಸರೂ ತಿಳಿಯದು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದು ಭೂಮಿಯಿಂದ ತೊಲಗಿತೆಂದು ಸಾರಿತು. ಆದರೆ ಆ ಕಾಲದಲ್ಲಿ ನಮ್ಮ ಸೀಮೆಯ ಊರೂರಿನಲ್ಲಿ ಅದು ಕಣ್ಣು ಕಳೆದ ಮಕ್ಕಳಿದ್ದರು. ಅಂಥ ಮಕ್ಕಳಿಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮವು ತಾಯಿಯ ಮಡಿಲಾದುದನ್ನು ಬಲ್ಲದವರಾರು? ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದ ಮೇಲೆ, ಅವರ ಶಿಷ್ಯರೂ ಅಂಧರೂ ಆದ ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ಆ ದೀಪವನ್ನು ಆರದಂತೆ ಕಾಯ್ದರು. ನಮ್ಮ ಗವಾಯಿಗಳು ಕಲಿತದ್ದು ಅಲ್ಲಿಯೇ. ಅವರ 75ನೆಯ ವರ್ಷದ ಸಮಾರಂಭಕ್ಕೆ ಒಂದು ಭಾವಚಿತ್ರ ಬೇಕೆಂದು ಅವರ ಶಿಷ್ಯರು ನನ್ನಲ್ಲಿಗೆ ಬಂದರು. ಛಾಯಾಚಿತ್ರಗಳು ಬೇಕಾದಷ್ಟಿವೆ, ಆದರೆ ಕೈಯಿಂದ ಬರೆದುದೊಂದು ಇರಲಿ ಎಂಬುದು ಅವರ ಆಸೆ.

ಶಿಷ್ಯರು ಎದ್ದು ಹೋಗುವ ಮೊದಲು ಮೆಲ್ಲಗೆ ಇನ್ನೊಂದು ಮಾತು ಹೇಳಿದರು. "ಗುರುಗಳ ಒಂದು ಕಣ್ಣು ಒಳಗೆ ಕುಗ್ಗಿದೆ, ಇನ್ನೊಂದರಲ್ಲಿ ಹೂ ಬಿದ್ದಿದೆ. ಮುಖದ ತುಂಬ ಸಿಡುಬಿನ ಕಲೆಗಳಿವೆ. ಸಭೆಯಲ್ಲಿ ಇಡುವ ಚಿತ್ರವಲ್ಲವೇ? ಕಣ್ಣು ತೆರೆದು ನೋಡುತ್ತಿರುವಂತೆ, ಮುಖ ನುಣುಪಾಗಿರುವಂತೆ ಬರೆದರೆ ಒಳ್ಳೆಯದು." ಅವರ ಮಾತಿನಲ್ಲಿದ್ದುದು ಗುರುಭಕ್ತಿಯೇ ಹೊರತು ಬೇರೆಯಲ್ಲ. ಭಾವಚಿತ್ರ ಬರೆಯುವವರಿಗೆ ಇಂಥ ಕೋರಿಕೆ ಹೊಸದೂ ಅಲ್ಲ. ಆದರೆ ಇದನ್ನು ತೀರ್ಮಾನಿಸುವ ಅಧಿಕಾರವು ಶಿಷ್ಯರಿಗೂ ಇಲ್ಲ, ನನಗೂ ಇಲ್ಲ, ಆ ಮುಖ ಯಾರದೋ ಅವರಿಗೇ ಇದೆ ಎನಿಸಿತು. ಮರುದಿನ ಅವರ ಮನೆಗೆ ಹೋಗಿ ಸಂಕೋಚದಿಂದಲೇ ಕೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು.

"ಮಾಸ್ತರ್ರ, ಎಪ್ಪತ್ತು ವರ್ಷದಿಂದ ಇಲ್ಲದ್ದು ಈಗ ಹಾಳಿ ಮ್ಯಾಲೆ ಬಂದ್ರ ಅದು ಮತ್ತೊಬ್ಬರ ಚಿತ್ರ ಆಗತದ. ಕಲೆ ಅಂತೂ ತೆಗೀಬ್ಯಾಡ್ರಿ. ನನ್ನ ಮಾರಿ ನನಗ ಗೊತ್ತಿರೋದು ಆ ಕುಳಿಗಳಿಂದನ. ಬೆರಳು ಇಟ್ರ ಅವ ಮೊದಲ ಸಿಗತಾವ."

ಆ ಮಾತಿನಿಂದ ಸತ್ಯದ ಪ್ರಶ್ನೆ ತೀರಿತು. ಚಿತ್ರದ ಪ್ರಶ್ನೆ ಉಳಿಯಿತು. ಏಕಾಗ್ರತೆಯನ್ನು ಬರೆಯುವ ಕ್ರಮವನ್ನು ಕಲಿಸುವಾಗ ಎಲ್ಲ ಶಿಕ್ಷಕರೂ ಕಣ್ಣಿನಿಂದಲೇ ಆರಂಭಿಸುತ್ತಾರೆ. ನೋಟವು ಎತ್ತ ಹೋಗುತ್ತದೆ, ಪಾಪೆಯು ರೆಪ್ಪೆಗೆ ಎಷ್ಟು ತಾಗಿದೆ, ಹೊಳಪಿನ ಚುಕ್ಕೆ ಎಲ್ಲಿದೆ ಎಂದು ತೋರಿಸುತ್ತಾರೆ. ಹಾಲೆಂಡಿನ ವರ್ಮೀರ್ ಎಂಬ ಚಿತ್ರಕಾರನು 1670ರ ಸುಮಾರಿನಲ್ಲಿ ಬರೆದ, ಕಸೂತಿಯ ಜಾಲರಿ ಹೆಣೆಯುವ ಹುಡುಗಿಯ ಒಂದು ಪುಟ್ಟ ಚಿತ್ರವು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಮುಂಭಾಗದ ದಾರದ ಎಳೆಗಳು ಕರಗಿದಂತೆ ಮಸುಕಾಗಿವೆ. ಹುಡುಗಿಯ ಬೆರಳುಗಳ ನಡುವಿನ ಎರಡೇ ಎಳೆಗಳು ಮಾತ್ರ ಕೂದಲಷ್ಟು ಸ್ಪಷ್ಟ. ಅವಳು ಎಲ್ಲಿ ನೋಡುತ್ತಿರುವಳೋ ಅಲ್ಲಿಯೇ ನಮ್ಮ ಕಣ್ಣೂ ನೆಲೆಸುತ್ತದೆ. ಅಲ್ಲಿ ಹುಡುಗಿಯ ನೋಟವೇ ದಾರಿ ತೋರಿಸುತ್ತದೆ. ನೋಟವೇ ಇಲ್ಲದ ಮುಖದಲ್ಲಿ ಆ ದಾರಿಯನ್ನು ಯಾವುದರಿಂದ ಹಾಕಬೇಕು?

ಮೊದಲ ಮೂರು ದಿನ ನಾನು ಕಾಗದವನ್ನು ಮುಟ್ಟದೆ ಅವರು ತಂಬೂರಿ ಶ್ರುತಿ ಮಾಡುವುದನ್ನು ನೋಡುತ್ತ ಕುಳಿತೆನು. ಅದು ಮಿರಜದಲ್ಲಿ ಮಾಡಿದ ಹಳೆಯ ತಂಬೂರಿ. ಮೊದಲನೆಯ ತಂತಿ ಪಂಚಮಕ್ಕೆ, ನಡುವಿನ ಜೋಡಿ ಷಡ್ಜಕ್ಕೆ, ಕೊನೆಯದು ಮಂದ್ರ ಷಡ್ಜಕ್ಕೆ. ಎಡಗೈ ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸುವುದು, ಬಲಗೈ ಬೆರಳು ತಂತಿಯನ್ನು ಸವರುವುದು. ಬಳಿಕ ಕುದುರೆಯ ಮೇಲೆ ತಂತಿಯ ಕೆಳಗಿರುವ ಹತ್ತಿಯ ಎಳೆಯನ್ನು ಹಿಂದೆ ಮುಂದೆ ಸರಿಸುವುದು. ಎಳೆಯು ತನ್ನ ಸರಿಯಾದ ಸ್ಥಾನಕ್ಕೆ ಬಂದ ಕ್ಷಣ, ಅಲ್ಲಿಯವರೆಗೆ ಕುರುಡಾಗಿದ್ದ ನಾದವು ಒಮ್ಮೆಲೆ ಅರಳಿ ಅನೇಕ ಸ್ವರಗಳಾಗಿ ಹರಡುತ್ತದೆ. ಆ ಕ್ಷಣದ ಹಿಂದಿನ ಎರಡು ಮೂರು ಉಸಿರಿನ ಹೊತ್ತು ಅವರ ಮುಖ ಹೇಗಿರುತ್ತದೆಯೋ ಅದೇ ನನ್ನ ಚಿತ್ರವೆಂದು ಮೂರನೆಯ ದಿನ ನಿಶ್ಚಯಿಸಿದೆನು.

ಆ ಮುಖದಲ್ಲಿ ಹುಬ್ಬು ಗಂಟಿಕ್ಕಿರಲಿಲ್ಲ. ಇದು ಗಮನಿಸಬೇಕಾದ ಸಂಗತಿ. ಏಕಾಗ್ರತೆಯನ್ನು ಬರೆಯಿರಿ ಎಂದರೆ ವಿದ್ಯಾರ್ಥಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹುಬ್ಬಿನ ನಡುವೆ ಎರಡು ಗೆರೆ ಎಳೆಯುತ್ತಾರೆ. ಫಲವಾಗಿ ಸಿಟ್ಟೋ ತಲೆನೋವೋ ಮೂಡುತ್ತದೆ. ಚಾರ್ಲ್ಸ್ ಡಾರ್ವಿನ್ನನು ಮನುಷ್ಯರ ಮತ್ತು ಪ್ರಾಣಿಗಳ ಭಾವಪ್ರಕಾಶನವನ್ನು ಕುರಿತು 1872ರಲ್ಲಿ ಬರೆದ ಗ್ರಂಥದಲ್ಲಿ ಇದನ್ನು ಬಹು ಚೆನ್ನಾಗಿ ವಿವೇಚಿಸಿದ್ದಾನೆ. ಗಾಢವಾದ ಆಲೋಚನೆಯಲ್ಲಿರುವವನ ಹಣೆ ನಯವಾಗಿಯೇ ಇರಬಹುದು. ಆಲೋಚನೆಯ ದಾರಿಯಲ್ಲಿ ಏನಾದರೊಂದು ಅಡ್ಡಿ ಬಂದಾಗ ಮಾತ್ರ ಹುಬ್ಬು ಗಂಟಿಕ್ಕುತ್ತದೆ ಎಂಬುದು ಅವನ ಅಭಿಪ್ರಾಯ. ಕಿವಿಗೊಟ್ಟು ಕೇಳುವವನ ಬಾಯಿ ತುಸು ತೆರೆದಿರುವುದನ್ನೂ ಅವನು ಗುರುತಿಸಿದ್ದಾನೆ. ಬಾಯಿಂದ ಉಸಿರಾಡಿದರೆ ಸದ್ದು ಕಡಿಮೆ. ಗವಾಯಿಗಳಲ್ಲಿ ಇವೆರಡನ್ನೂ ನಾನು ಪ್ರತ್ಯಕ್ಷ ಕಂಡೆನು. ತಂತಿ ಹಾದಿ ತಪ್ಪಿದಾಗ ಹುಬ್ಬು ಕೂಡುತ್ತಿತ್ತು. ಸ್ವರ ಸಮೀಪಿಸಿದಂತೆ ಹಣೆಯ ಗೆರೆಗಳು ಒಂದೊಂದಾಗಿ ಬಿಡುತ್ತಿದ್ದವು. ಕೆಳದುಟಿಯು ಮೇಲ್ದುಟಿಯಿಂದ ಭತ್ತದ ಕಾಳಿನಷ್ಟು ಅಗಲುತ್ತಿತ್ತು. ತಲೆಯು ತಂಬೂರಿಯ ಕಡೆಗೆ ವಾಲಿ, ಕಿವಿಯ ಹಿಂದಿನ ಎಲುಬಿನಿಂದ ಕೊರಳ ಗುಳಿಯವರೆಗೆ ಇಳಿಯುವ ಸ್ನಾಯು ಹಗ್ಗದಂತೆ ಎದ್ದು ನಿಲ್ಲುತ್ತಿತ್ತು. ಕಣ್ಣಿನಲ್ಲಿ ಹುಡುಕಿದುದು ನನಗೆ ಕಿವಿ, ತುಟಿ, ಕೊರಳು, ಬೆರಳುಗಳಲ್ಲಿ ದೊರೆಯಿತು.

ಇನ್ನು ಬರೆದ ಬಗೆ. 22 ಅಂಗುಲ ಉದ್ದ, 15 ಅಂಗುಲ ಅಗಲದ, ಮೇಲ್ಮೈ ಸ್ವಲ್ಪ ಒರಟಾದ ಕಾಗದವನ್ನು ಆರಿಸಿದೆನು; ನುಣುಪು ಕಾಗದದಲ್ಲಿ ಇದ್ದಿಲು ನಿಲ್ಲದು. ಬೆಳಕಿಗಾಗಿ ಉತ್ತರದ ಕಿಟಕಿ. ನಮ್ಮ ಸೀಮೆಯಲ್ಲಿ ಮೇ ತಿಂಗಳಿನಿಂದ ಆಗಸ್ಟಿನ ಮೊದಲ ಭಾಗದವರೆಗೆ ನಡುಹಗಲ ಸೂರ್ಯನು ತುಸು ಉತ್ತರಕ್ಕೇ ವಾಲುವುದರಿಂದ ಈ ಕಿಟಕಿಯ ಬೆಳಕು ಕದಲುತ್ತದೆ. ಡಿಸೆಂಬರಿನಲ್ಲಿ ಆ ತೊಂದರೆಯಿಲ್ಲ, ನೆರಳು ಗಂಟೆಗಟ್ಟಲೆ ಸ್ಥಿರ. ಪಾರ್ಶ್ವಮುಖಕ್ಕಿಂತ ಸ್ವಲ್ಪ ನಮ್ಮ ಕಡೆ ತಿರುಗಿದ ಭಂಗಿ. ತಲೆಯ ಎತ್ತರದ ನಟ್ಟನಡುವೆ ಕಣ್ಣಿನ ರೇಖೆ, ಹುಬ್ಬಿನಿಂದ ಮೂಗಿನ ಬುಡದವರೆಗೆ ಕಿವಿಯ ಉದ್ದ ಎಂಬುದು ಎಲ್ಲರೂ ಕಲಿಯುವ ಪ್ರಮಾಣ. ವೃದ್ಧರಲ್ಲಿ ಕಿವಿ ಇದಕ್ಕಿಂತ ಬೆಳೆದಿರುತ್ತದೆ. ಆದುದರಿಂದ ಅಳೆದೇ ಬರೆದೆನು.

ಹಿನ್ನೆಲೆಯನ್ನೂ ಕೊರಳ ಕೆಳಗಿನ ನೆರಳನ್ನೂ ಮೊದಲು ಇದ್ದಿಲಿನಿಂದ ತುಂಬಿ, ಕಾಗದದ ಸುರುಳಿಯಿಂದ ಒತ್ತಿ, ಬೆಳಕು ಬೇಕಾದಲ್ಲಿ ನಾದಿದ ಹಿಟ್ಟಿನಂತಿರುವ ಮೆತ್ತನೆಯ ರಬ್ಬರಿನಿಂದ ಎತ್ತಿದೆನು. ರಬ್ಬರು ರೂಢಿಗೆ ಬರುವ ಮೊದಲು ಯೂರೋಪಿನ ಚಿತ್ರಕಾರರು ಈ ಕೆಲಸಕ್ಕೆ ಬ್ರೆಡ್ಡಿನ ತಿರುಳನ್ನು ಬಳಸುತ್ತಿದ್ದರು. ಸಿಡುಬಿನ ಕುಳಿಗಳಿಗೆ ಆರು ದಿನ ಹಿಡಿಯಿತು. ಒಂದೊಂದು ಕುಳಿಯೂ ಒಂದು ಪುಟ್ಟ ಬಟ್ಟಲು. ಉಬ್ಬಿದ್ದರೆ ಬೆಳಕಿನ ಕಡೆಯ ಅಂಚು ಬೆಳಗುತ್ತದೆ. ಕುಳಿಯಾದರೆ ಬೆಳಕಿನ ಕಡೆಯ ಅಂಚೇ ಕಪ್ಪಾಗಿ, ಆಚೆಯ ಅಂಚು ಬೆಳಗುತ್ತದೆ. ಪೂರ್ಣ ಬೆಳಕಿನಲ್ಲಿರುವವು ಕಾಣುವುದಿಲ್ಲ, ಪೂರ್ಣ ನೆರಳಿನಲ್ಲಿರುವವೂ ಕಾಣುವುದಿಲ್ಲ; ಎರಡೂ ಸೇರುವ ಗಡಿಯಲ್ಲಿ ಮಾತ್ರ ಅವು ಎದ್ದು ಕಾಣುತ್ತವೆ. ಆ ಗಡಿಯು ಅವರ ಕೆನ್ನೆಯ ಮೇಲೆ ಕಿವಿಯ ಮುಂಭಾಗದಿಂದ ತುಟಿಯ ಕೊನೆಯವರೆಗೆ ಬಾಗಿ ಇಳಿದಿತ್ತು. ಶಿಷ್ಯರು ಅಳಿಸಬೇಕೆಂದಿದ್ದ ಕಲೆಗಳೇ ನೋಡುವವರ ಕಣ್ಣನ್ನು ಕಿವಿಗೆ ಕೊಂಡೊಯ್ಯುವ ಹೆಜ್ಜೆಗಳಾದವು.

ಚಿತ್ರದಲ್ಲಿ ಎಲ್ಲವನ್ನೂ ಒಂದೇ ಸಮನಾಗಿ ಬಿಡಿಸಿದರೆ ಯಾವುದೂ ಮುಖ್ಯವಾಗದು. ಜರ್ಮನಿಯ ಕೇಟೆ ಕೋಲ್ವಿಟ್ಸ್ ಎಂಬ ಮಹಾಕಲಾವಿದೆಯು 1933ರಲ್ಲಿ ತಾನೇ ಚಿತ್ರ ಬರೆಯುತ್ತಿರುವಂತೆ ಇದ್ದಿಲಿನಲ್ಲಿ ಒಂದು ಆತ್ಮಚಿತ್ರ ಬರೆದಳು. ಅದರಲ್ಲಿ ಮುಖವೂ ಕೈಯೂ ಪೂರ್ಣವಾಗಿವೆ. ಅವೆರಡರ ನಡುವಿನ ತೋಳು ಇದ್ದಿಲನ್ನು ಅಡ್ಡಾದಿಡ್ಡಿಯಾಗಿ ಒತ್ತಿ ಎಳೆದ ಮಿಂಚಿನಂಥ ಗೀಟುಗಳಷ್ಟೇ. ಮನಸ್ಸಿನಿಂದ ಕೈಗೆ ಶಕ್ತಿ ಹರಿಯುವುದು ಆ ಗೀಟುಗಳಲ್ಲಿ ಕಾಣುತ್ತದೆ. ಆ ಪಾಠವನ್ನು ನೆನೆದು ನಾನು ಅಂಗಿ, ಭುಜ, ತಂಬೂರಿಯ ಬುರುಡೆ ಇವುಗಳನ್ನು ಇದ್ದಿಲಿನ ಮಸುಕಿನಲ್ಲಿ ಕರಗಿಸಿ, ಕಿವಿ ಮತ್ತು ಬಿರಡೆ ಹಿಡಿದ ಬೆರಳುಗಳನ್ನು ಮಾತ್ರ ಗಟ್ಟಿ ಪೆನ್ಸಿಲಿನ ಮೊನೆಯಿಂದ ಸ್ಪಷ್ಟಗೊಳಿಸಿದೆನು. ಕಣ್ಣುಗಳನ್ನು ಇದ್ದಂತೆಯೇ ಬರೆದೆನು; ಅರ್ಧ ಇಳಿದ ರೆಪ್ಪೆಗಳ ಕೆಳಗೆ ಒಂದರ ಗುಳಿ, ಇನ್ನೊಂದರ ಬಿಳಿಯ ಹೂ. ಅವು ನೋಡುವವರನ್ನು ತಮ್ಮಲ್ಲಿಗೆ ಸೆಳೆಯಲಿಲ್ಲ. ಒಟ್ಟು 11 ಬೈಠಕ್ಕುಗಳಲ್ಲಿ ಚಿತ್ರ ಮುಗಿಯಿತು. ಶಿಷ್ಯರು ಬಂದು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಅವರಲ್ಲಿ ಹಿರಿಯರು ಕೊನೆಗೆ, "ಈಗ ಇವರು ಪಂಚಮ ಹಿಡಿಯುತ್ತಿದ್ದಾರೆ" ಎಂದರು. ಕಣ್ಣಿನ ಮಾತು ಮತ್ತೆ ಬರಲಿಲ್ಲ.

ಅವರೆಲ್ಲ ಹೋದ ಮೇಲೆ ಗವಾಯಿಗಳು ಕೇಳಿದರು: "ಎಲ್ಲಾರೂ ಚೆಂದ ಬಂದೈತಿ ಅಂತಾರ. ನನಗ ಹ್ಯಾಂಗ ತಿಳೀಬೇಕ್ರಿ ಮಾಸ್ತರ್ರ? ಒಮ್ಮೆ ಮುಟ್ಟಿ ನೋಡಲೇನು?"

ಇದ್ದಿಲಿನ ಚಿತ್ರವನ್ನು ಮುಟ್ಟಿದರೆ ಅದು ಉಳಿಯದು. ಅದು ಕಾಗದದ ಮೇಲೆ ಕುಳಿತ ಧೂಳು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ತುಂತುರಾಗಿ ಊದಿದರೆ ಧೂಳು ನೆಲೆಗೊಳ್ಳುತ್ತದೆ. ಆದರೆ ಹಾಗೆ ನೆಲೆಗೊಳಿಸಿ ಅವರ ಕೈಗೆ ಕೊಟ್ಟರೂ ಬೆರಳಿಗೆ ಸಿಗುವುದು ಕಾಗದವಷ್ಟೇ. ತನ್ನ ಮುಖವೇ ಇರುವ ವಸ್ತುವು ತನಗೆ ಬರಿಯ ಹಾಳೆಯಾಗಿರುವುದು ಎಂಥ ದೂರವೆಂಬುದನ್ನು ನಾನು ಆ ಮೊದಲು ಯೋಚಿಸುವ ಸಂದರ್ಭ ಬಂದಿರಲಿಲ್ಲ. ಶಾಂತಿನಿಕೇತನದ ಬಿನೋದ ಬಿಹಾರಿ ಮುಖರ್ಜಿಯವರು 1950ರ ದಶಕದ ಕೊನೆಯಲ್ಲಿ ಪೂರ್ಣ ದೃಷ್ಟಿ ಕಳೆದುಕೊಂಡ ಮೇಲೂ ಬಣ್ಣದ ಕಾಗದಗಳನ್ನು ಕತ್ತರಿಸಿ ಅಂಟಿಸಿ ಕೃತಿಗಳನ್ನು ರಚಿಸಿದರು. 1972ರಲ್ಲಿ ಸತ್ಯಜಿತ್ ರಾಯ್ ಅವರು ಆ ಮಹನೀಯರ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡಿದರು. ಕೈಯೂ ಚಿತ್ರವನ್ನು ಬಲ್ಲುದು ಎಂಬುದಕ್ಕೆ ಅವರೇ ಸಾಕ್ಷಿ.

ಗವಾಯಿಗಳ ಮೇಜಿನ ಮೇಲಿದ್ದ ಬ್ರೈಲ್ ಪಾಟಿ ಮತ್ತು ಮೊಳೆಯಂಥ ಸಾಧನವು ನನಗೆ ದಾರಿ ತೋರಿಸಿತು. 1809ರಲ್ಲಿ ಹುಟ್ಟಿದ ಲೂಯಿ ಬ್ರೈಲನು ಬಾಲ್ಯದಲ್ಲಿ, ತೊಗಲಿನ ಕೆಲಸ ಮಾಡುತ್ತಿದ್ದ ತಂದೆಯ ದಬ್ಬಳವು ಕಣ್ಣಿಗೆ ತಾಗಿ ಕುರುಡನಾದನು. ಅಂಥದೇ ಮೊನೆಯಿಂದ ಕಾಗದವನ್ನು ಒತ್ತಿ ಚುಕ್ಕೆ ಎಬ್ಬಿಸುವ ಲಿಪಿಯನ್ನು ಜಗತ್ತಿಗೆ ಕೊಟ್ಟನು. ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳಿಗೆ 1951ರಲ್ಲಿ ಭಾರತಿ ಬ್ರೈಲ್ ಎಂಬ ಏಕರೂಪದ ಲಿಪಿ ಬಂದಿತು. ಅದನ್ನು ಹಾಳೆಯ ಬೆನ್ನಿನಿಂದ, ಬಲದಿಂದ ಎಡಕ್ಕೆ ಬರೆಯುತ್ತಾರೆ; ತಿರುವಿದಾಗ ಎಡದಿಂದ ಬಲಕ್ಕೆ ಓದಬಹುದು. ನಾನು ನನ್ನ ಚಿತ್ರದ ಮುಖ್ಯ ರೇಖೆಗಳನ್ನು ಪಾರದರ್ಶಕ ಕಾಗದದ ಮೇಲೆ ತೆಗೆದುಕೊಂಡು, ಅದನ್ನು ತಿರುವುಮುರುವಾಗಿ ದಪ್ಪ ಬ್ರೈಲ್ ಹಾಳೆಯ ಮೇಲಿಟ್ಟು, ಕೆಳಗೆ ಮಡಿಸಿದ ಕಂಬಳಿ ಹಾಸಿ, ಮೊಂಡು ಮೊನೆಯಿಂದ ಒತ್ತುತ್ತ ಹೋದೆನು. ಕಣ್ಣಿಗೆ ಹಿತವಾದ ಸಾವಿರ ಗೆರೆಗಳು ಬೆರಳಿಗೆ ಗೊಂದಲ. ಒಂದರ ಮೇಲೊಂದು ಹಾಯ್ದ ಗೆರೆಗಳು ಬೆರಳಿಗೆ ಬಿಡಿಯಾಗಿ ತಿಳಿಯವು. ಹಣೆ, ಮೂಗು, ತುಟಿ, ಗದ್ದ, ಕೊರಳ ಸ್ನಾಯು, ಕಿವಿಯ ಹೊರಸುತ್ತು, ಒಳಸುತ್ತು, ತಂಬೂರಿಯ ದಂಡಿ, ನಾಲ್ಕು ಬಿರಡೆ, ಹಿಡಿದ ಬೆರಳುಗಳು, ಇಷ್ಟನ್ನೇ ಉಳಿಸಿ, ನಡುವೆ ಅಂತರ ಬಿಟ್ಟೆನು. ಕೆನ್ನೆಯ ಮೇಲೆ ಹನ್ನೆರಡು ಚುಕ್ಕೆಗಳನ್ನು ಮಾತ್ರ ಹಾಳೆಯ ಮುಂಭಾಗದಿಂದ ಒತ್ತಿದೆನು. ಅವು ಏಳದೆ ಕುಳಿಗಳಾದವು.

ಅವರು ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಗಳ ಬೆರಳುಗಳಿಂದ ನೋಡತೊಡಗಿದರು. ಮೊದಲು ಸಿಕ್ಕಿದ್ದು ತಂಬೂರಿಯ ದಂಡಿ. ಬಿರಡೆಗಳನ್ನು ಎಣಿಸಿದರು, ನಾಲ್ಕು ಸರಿಯಾಗಿತ್ತು. ಬಳಿಕ ಬಲಗೈ ಬೆರಳು ಗದ್ದದಿಂದ ಮೇಲೇರಿ ಕೆನ್ನೆಗೆ ಬಂದು ನಿಂತಿತು. ಎಡಗೈಯನ್ನು ಹಾಳೆಯಿಂದ ತೆಗೆದು ತಮ್ಮ ಕೆನ್ನೆಯ ಮೇಲಿಟ್ಟುಕೊಂಡರು. ಎರಡೂ ಕೈಗಳು ಬಹಳ ಹೊತ್ತು ಹಾಗೆಯೇ, ಒಂದು ಕಾಗದದ ಮೇಲೆ, ಇನ್ನೊಂದು ಮುಖದ ಮೇಲೆ ಚಲಿಸುತ್ತಿದ್ದವು. "ಕಿವಿ ಭಾಳ ದೊಡ್ಡದಾತಲ್ರಿ" ಎಂದು ನಕ್ಕರು. ಅಳೆದೇ ಬರೆದದ್ದು ಎಂದು ಹೇಳಿದೆನು. ತಮ್ಮ ಕಿವಿಯನ್ನೂ ಹಿಡಿದು ನೋಡಿಕೊಂಡು ಒಪ್ಪಿದರು. ಆಮೇಲೆ ಕಿವಿಯಿಂದ ಬಿರಡೆಯವರೆಗೆ ಬೆರಳನ್ನು ಒಂದೇ ಎಳೆತದಲ್ಲಿ ಎಳೆದು, "ಇಲ್ಲಿಂದ ಇಲ್ಲಿಗೆ. ನೀವು ಹಿಡಿದದ್ದು ಇದನ್ನ" ಎಂದರು. ಅವರ ಹುಬ್ಬು ಆಗ ಸಡಿಲವಾಗಿತ್ತು, ತುಟಿಗಳು ಭತ್ತದ ಕಾಳಿನಷ್ಟು ಅಗಲಿದ್ದವು.

ಸಮಾರಂಭವು 2023ರ ಜನವರಿಯಲ್ಲಿ ನೆರವೇರಿತು. ಗಾಜಿನ ಚೌಕಟ್ಟು ಹಾಕಿದ ಇದ್ದಿಲಿನ ಚಿತ್ರವು ಈಗ ಶಿಷ್ಯರು ನಡೆಸುವ ಸಂಗೀತ ಪಾಠಶಾಲೆಯ ಗೋಡೆಯ ಮೇಲಿದೆ. ಬಂದವರು ನೋಡಿ ಮೆಚ್ಚುತ್ತಾರೆ. ಉಬ್ಬುಗೆರೆಯ ಹಾಳೆಯು ಗವಾಯಿಗಳ ಮನೆಯಲ್ಲಿದೆ. ಪಾಠಕ್ಕೆ ಬರುವ ಅಂಧ ಮಕ್ಕಳಿಗೆ ತಂಬೂರಿ ಹಿಡಿಯುವ ಭಂಗಿಯನ್ನು ಅದರಿಂದ ತೋರಿಸುವುದು ಅವರ ವಾಡಿಕೆಯಾಯಿತು. ತಲೆ ಎಷ್ಟು ವಾಲಬೇಕು, ಮೊಣಕೈ ಎಲ್ಲಿರಬೇಕು ಎಂಬುದನ್ನು ಮಕ್ಕಳು ಬೆರಳಿಂದ ಕಲಿಯತೊಡಗಿದರು. 2024ರ ದೀಪಾವಳಿಗೆ ಹೋದಾಗ ನೋಡಿದರೆ, ಅಷ್ಟೊಂದು ಬೆರಳುಗಳು ಹಾಯ್ದು ಕಿವಿಯ ಗೆರೆ ಪೂರ್ತಿ ಸವೆದುಹೋಗಿತ್ತು. ಹಳೆಯ ಪಾರದರ್ಶಕ ಕಾಗದವನ್ನು ತೆಗೆದು, ಕಂಬಳಿ ಹಾಸಿ, ಇನ್ನೊಂದನ್ನು ಒತ್ತಿಕೊಟ್ಟು ಬಂದೆನು.